ಎರಡರಿಂದ ಮೂರು

ಶೇಕಡಾ ಲೆಕ್ಕ ಬಂದರೆ ನಾನು ಈಗಲೂ ಮೇಜಿನ ಕೆಳಗೆ ಬೆರಳು ಮಡಿಸುತ್ತೇನೆ. ಯಾರಿಗೂ ಹೇಳಿಲ್ಲ, ದಿನಚರಿಯಲ್ಲೂ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ. ಹಣಕಾಸು ಸಲಹೆ ಕೊಡುವ ಕಂಪನಿಯ ಏಳನೇ ಮಹಡಿಯಲ್ಲಿ ಕೂತವಳು ಬೆರಳು ಎಣಿಸುತ್ತಾಳೆಂದು ಗೊತ್ತಾದರೆ ನಕ್ಕುಬಿಟ್ಟರೆ ವಾಸಿ. ನಗದೆ, ಅದನ್ನೂ ಎಲ್ಲೋ ಒಂದು ಕಡೆ ಗುರುತು ಹಾಕಿಕೊಂಡಾರು ಎಂದು ಹೆದರಿಕೆ. ನಾನು ಅಲ್ಲಿಗೆ ಟ್ರೈನಿಯಾಗಿ ಸೇರಿದವಳು. ನಾಲ್ಕು ತಿಂಗಳು ನೋಡುತ್ತಾರೆ. ಒಂಬತ್ತು ಜನರಲ್ಲಿ ನಾಲ್ವರು ಉಳಿಯುತ್ತಾರೆ.

ನಾನು ಓದಿದ್ದು ಸಸ್ಯಶಾಸ್ತ್ರ, ಅದರಲ್ಲೂ ಪಾಚಿ. ಎರಡು ವರ್ಷ ಒದ್ದೆ ಬಂಡೆಗಳ ಮುಂದೆ ಮಂಡಿಯೂರಿ, ಮಸೂರ ಹಿಡಿದು, ನೋಡಿದ್ದನ್ನು ದಿನಾಂಕ, ಹೊತ್ತು, ಜಾಗ ಸಮೇತ ಪುಸ್ತಕದಲ್ಲಿ ಬರೆದೆ. ಆಮೇಲಿನ ಎರಡು ವರ್ಷ ಕೆಲಸ ಹುಡುಕಿದೆ.

"ಬಚ್ಚಲ ಗೋಡೆ ಕೆರೆಯೋದಕ್ಕೂ ಡಿಗ್ರಿ ಕೊಡ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ ಕೂಸೇ," ಎನ್ನುತ್ತಿದ್ದರು ಅಜ್ಜಿ. "ನಮ್ಮ ಕಾಲದಲ್ಲಿ ಬರೀ ಬ್ರಶ್ಶು ಕೊಡ್ತಿದ್ರು."

ಕೊನೆಗೆ ಅಮ್ಮನೇ ಹೇಳಿದಳು: "ಲೆಕ್ಕ ಕಲಿ ಪುಟ್ಟಿ. ಲೆಕ್ಕ ಬಂದವರಿಗೆ ಎಲ್ಲಾದ್ರೂ ಒಂದು ಕುರ್ಚಿ ಇರುತ್ತೆ." ಒಂದು ವರ್ಷದ ಹಣಕಾಸು ಕೋರ್ಸಿಗೆ ಸೇರಿದೆ. ಶುಲ್ಕಕ್ಕಾಗಿ ಅಮ್ಮ ವರ್ಷವಿಡೀ ಭಾನುವಾರವೂ ಕೆಲಸಕ್ಕೆ ಹೋದಳು. ನನ್ನ ಕುರ್ಚಿಯ ನಾಲ್ಕು ಕಾಲೂ ಅವಳ ಭಾನುವಾರಗಳೇ.

ಅಮ್ಮ ಇರುವುದು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ಇಪ್ಪತ್ತೆರಡು ವರ್ಷವಾಯಿತು. ಇನ್ನು ಮೂರು ವರ್ಷ ಕಳೆದರೆ ಪೂರ್ತಿ ಪೆನ್ಷನ್. ನೆಲಮಾಳಿಗೆಯಲ್ಲಿ ಐದು ಒಗೆಯುವ ಯಂತ್ರ, ಹಾಸಿಗೆ ಬಟ್ಟೆ ಇಸ್ತ್ರಿಯಾಗಿ ಹೊರಬರುವ ಒಂದು ಉದ್ದನೆಯ ರೋಲರ್, ಮೂವತ್ತೊಂದು ಹೆಂಗಸರು. ರೋಲರಿಗೆ ಬೇಕಾದ ಹಬೆ ಪಕ್ಕದ ಬಾಯ್ಲರಿನಿಂದ ಬರುತ್ತದೆ. ಆ ಬಾಯ್ಲರ್ ನೋಡಿಕೊಳ್ಳುವವರನ್ನು ಅಮ್ಮ ಅಣ್ಣ ಎನ್ನುತ್ತಾಳೆ. ಹಾಗಾಗಿ ನನಗೆ ಬಾಯ್ಲರ್ ಮಾಮ. ಸ್ಕೂಲು ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯುವವರೆಗೆ ನಾನು ಹೋಮ್‌ವರ್ಕ್ ಮಾಡುತ್ತಿದ್ದದ್ದು ಅವರ ಕೋಣೆಯಲ್ಲಿ. ಚಳಿಗಾಲದಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಇರಲಿಲ್ಲ.

ಸಂಜೆ ಆರೂವರೆಗೆ ಅಮ್ಮ ಮನೆಗೆ ಬಂದರೆ ಮೊದಲು ಬಕೆಟ್ಟಿನ ಬಿಸಿನೀರಲ್ಲಿ ಕಾಲಿಡುತ್ತಾಳೆ. ಅಪ್ಪ ಗಡಿಯಾರ ರಿಪೇರಿಯವರು. ಅಂಗಡಿ ಮುಚ್ಚಿದ ಮೇಲೆ ಕಿಟಕಿಯ ಪಕ್ಕದ ಮೇಜೇ ಅಂಗಡಿ. ಗಿರಾಕಿ ಕಡಿಮೆಯಾದಂತೆಲ್ಲ ಅಡುಗೆಯೂ ಅವರ ಪಾಲಿಗೆ ಬಂತು.

"ನಿನ್ನ ಮಂಡಿ ನೋಡು, ಕುಂಬಳಕಾಯಿ ಆಗಿದೆ. ಬಿಟ್ಬಿಡೇ ಆ ಕೆಲಸ."

"ಬಿಟ್ಟು? ನಿಮ್ಮ ಗಡಿಯಾರಗಳನ್ನ ಬೇಯಿಸಿ ಬಡಿಸ್ಲಾ?"

"ನಾನು ಹೇಳಿದ್ದು ನಿನ್ನ ಒಳ್ಳೇದಕ್ಕೆ."

"ಅಲ್ಲೇನು ಬಂಡೆ ಒಡೀತೀನಾ? ಎರಡರಿಂದ ಮೂರು ಹಬೆ ಅಡುಗೆಮನೆ ಕಡೆ ಹೋಗುತ್ತೆ, ರೋಗಿಗಳ ಊಟ ಬೇಯಿಸೋಕೆ. ರೋಲರ್ ತಣ್ಣಗೆ. ನಾವು ರಾಣಿಯರ ಥರ ಕೂತಿರ್ತೀವಿ. ಇವತ್ತಂತೂ ಐವತ್ತು ನಿಮಿಷ."

"ಕೂರಿಸಿ ಸಂಬಳ ಕೊಡ್ತಾರಾ?" ಅಜ್ಜಿ ಕೇಳುತ್ತಿದ್ದರು. "ನಂಗೂ ಒಂದು ಅರ್ಜಿ ಹಾಕು."

ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಪಾಚಿ ಹೋದರೂ ಪುಸ್ತಕದ ಚಟ ಹೋಗಿರಲಿಲ್ಲ. ಸೋಮವಾರ, ನಲವತ್ತೈದು ನಿಮಿಷ. ಮಂಗಳವಾರ, ಐವತ್ತು. ಅಮ್ಮ ಕೂತು ದಣಿವಾರಿಸಿಕೊಂಡ ನಿಮಿಷಗಳನ್ನು ಕೂಡಿಟ್ಟರೆ ನನಗೆ ಸಮಾಧಾನವಾಗುತ್ತಿತ್ತು, ಅಷ್ಟೆ.

ಮೂರನೇ ತಿಂಗಳಲ್ಲಿ ನಮ್ಮ ತಂಡಕ್ಕೆ ಒಂದು ಫೈಲು ಬಂತು. ಆಸ್ಪತ್ರೆಯ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಯಾವ ವಿಭಾಗದಲ್ಲಿ ಖರ್ಚು ಇಳಿಸಬಹುದು ಎಂದು ನಾವು ಹೇಳಬೇಕು. ನನ್ನ ಪಾಲಿಗೆ ಬಂದ ಹಾಳೆಯಲ್ಲಿ ಐದು ಯಂತ್ರ, ಒಂದು ರೋಲರ್, ಅಡುಗೆಮನೆಗೂ ಸೇರಿ ಒಂದೇ ಬಾಯ್ಲರ್, ಮೂವತ್ತೊಂದು ಜನ. ಎರಡು ನಿಮಿಷದಲ್ಲಿ ಗುರುತು ಹತ್ತಿತು.

ಕಂಪನಿಯಲ್ಲಿ ಒಂದು ನಿಯಮವಿದೆ. ಹತ್ತಿರದವರು ಕೆಲಸ ಮಾಡುವ ಜಾಗದ ಫೈಲು ಬಂದರೆ ತಿಳಿಸಿ ಬೇರೆ ಫೈಲು ತೆಗೆದುಕೊಳ್ಳಬೇಕು. ಸೇರಿದ ದಿನವೇ ಅದಕ್ಕೆ ಸಹಿ ಹಾಕಿದ್ದೆ. ತಿಳಿಸಬೇಕೆಂದರೆ ತಂಡದ ಮುಖ್ಯಸ್ಥರ ಬಾಗಿಲು ತಟ್ಟಬೇಕು. ಯಾವ ಸಂಖ್ಯೆ ಕೊಟ್ಟರೂ "ಇನ್ನೂ ಎರಡು ಸ್ಥಾನ?" ಎಂದು ಕೇಳುವ ಅವರಿಗೆ ನಾವು ದಶಮಾಂಶ ಎಂದು ಹೆಸರಿಟ್ಟಿದ್ದೆವು. ಎರಡು ಸಲ ಬಾಗಿಲವರೆಗೆ ಹೋದೆ. ಮೊದಲ ಸಲ ಅವರು ಫೋನಿನಲ್ಲಿದ್ದರು. ಎರಡನೇ ಸಲ ಸುಮ್ಮನೇ ಕೂತಿದ್ದರು. ನಾನೇ ನೀರು ಕುಡಿಯಲು ಬಂದವಳಂತೆ ವಾಪಸು ಬಂದೆ. ಟ್ರೈನಿಗಳು ಬರೆದದ್ದನ್ನು ಯಾರು ಓದುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೀಟಿಂಗಿನಲ್ಲಿ ದಶಮಾಂಶ ಪರದೆಯ ಮೇಲಿನ ಗೆರೆ ತೋರಿಸಿದರು.

"ಮಧ್ಯಾಹ್ನ ಇಸ್ತ್ರಿ ಆಗೋ ಬಟ್ಟೆ ಇದ್ದಕ್ಕಿದ್ದಂಗೆ ಇಳಿಯುತ್ತೆ. ಯಾಕೆ?"

"ಊಟ ಆದ್ಮೇಲೆ ನಿದ್ದೆ ಸರ್," ಎಂದ, ಎಲ್ಲಕ್ಕೂ ಕೈ ಎತ್ತುವ ನೀಲಿ ಟೈನವನು. ಎಲ್ಲರೂ ನಕ್ಕರು.

ಆ ನಗು ನನಗೆ ಹಿಡಿಸಲಿಲ್ಲ. ಮೂರು ತಿಂಗಳಲ್ಲಿ ಒಂದು ದಿನವೂ ಬಾಯಿ ತೆರೆಯದವಳು, ಅಮ್ಮ ನಿದ್ದೆ ಮಾಡುವುದಿಲ್ಲ ಎಂದು ತೋರಿಸಲೆಂದೇ ಬಾಯಿ ತೆರೆದೆ.

"ಎರಡರಿಂದ ಮೂರು ಹಬೆ ಅಡುಗೆಮನೆಗೆ ಹೋಗುತ್ತೆ ಸರ್. ರೋಲರ್ ತಣ್ಣಗಾಗುತ್ತೆ. ಕೆಲಸದವರು ಸುಮ್ನೆ ಕೂತಿರಬೇಕಾಗುತ್ತೆ."

"ಎಷ್ಟು ಹೊತ್ತು?"

"ಸರಾಸರಿ ನಲವತ್ತೇಳೂವರೆ ನಿಮಿಷ."

"ಎಷ್ಟು ದಿನದ ಸರಾಸರಿ?"

"ಹನ್ನೊಂದು ವಾರದ್ದು ಸರ್."

ಅವರು ಮೊದಲ ಬಾರಿ ನನ್ನ ಮುಖ ನೋಡಿದರು. "ಎಲ್ಲಿಂದ ಸಿಕ್ತು?"

"ಒಳಗಿನವರು ಹೇಳಿದ್ದು."

"ನೋಡ್ರೀ, ಇದು ಕೆಲಸ," ಎಂದರು ಉಳಿದವರ ಕಡೆ ತಿರುಗಿ.

ಅವತ್ತು ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ. ಮನೆಗೆ ಒಂದು ಡಜನ್ ಬಾಳೆಹಣ್ಣು ತಂದೆ.

"ಮೀಟಿಂಗಲ್ಲಿ ಮಾತಾಡಿದ್ಯಾ? ನೀನಾ?" ಅಮ್ಮ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ಕೂಗಿದಳು. "ಅತ್ತೇ, ಕೇಳಿಸ್ತಾ? ಪುಟ್ಟಿ ಮಾತಾಡಿದ್ಲಂತೆ! ಏನಂದೆ ಮಗಾ?"

"ಏನೋ ಕೆಲಸದ ವಿಷಯ ಬಿಡಮ್ಮಾ."

"ಹೇಳ್ಬಾರ್ದೇನೋ, ದೊಡ್ಡ ಆಫೀಸು," ಎಂದು ಅಮ್ಮ ಅಜ್ಜಿಗೆ ಹೆಮ್ಮೆಯಿಂದ ವಿವರಿಸಿದಳು.

ಐದು ವಾರ ಕಳೆದು ಒಂದು ಸೋಮವಾರ ಅಮ್ಮ ಬಂದವಳು ಬಕೆಟ್ ಮುಟ್ಟಲಿಲ್ಲ. ಚಪ್ಪಲಿ ಹಾಕಿಕೊಂಡೇ ಕುರ್ಚಿಯಲ್ಲಿ ಕೂತು ಒಂದು ಕಾಗದ ಚಾಚಿದಳು. ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದು ಓದಿದರು. ತಿಂಗಳ ಕೊನೆಗೆ ಲಾಂಡ್ರಿ ಹೊರಗುತ್ತಿಗೆಗೆ ಹೋಗುತ್ತದೆ. ಮೂವತ್ತೊಂದು ಜನರ ಸೇವೆ ಅಲ್ಲಿಗೆ ಮುಕ್ತಾಯ.

"ಮೂರು ವರ್ಷ ಇತ್ತಲ್ಲೇ?" ಎಂದರು ಅಪ್ಪ.

"ಇತ್ತು."

"ಪೆನ್ಷನ್?"

"ಓದಿದ್ರಲ್ಲ. ಅದರಲ್ಲಿ ಎಲ್ಲಾದ್ರೂ ಇದ್ಯಾ?"

ಒಲೆಯ ಮೇಲೆ ಬೇಳೆ ಸೀಯುತ್ತಿತ್ತು. ಯಾರೂ ಏಳಲಿಲ್ಲ, ನಾನೇ ಹೋಗಿ ಆರಿಸಿದೆ.

"ಯಾರೋ ಹೊರಗಿನವರ ಹತ್ರ ವರದಿ ಮಾಡಿಸಿದಾರೆ," ಅಮ್ಮ ಹೇಳುತ್ತಿದ್ದಳು. "ಆಫೀಸಿನ ಕ್ಲರ್ಕ್ ಒಂದು ಹಾಳೆ ಓದಿ ಹೇಳಿದ. ಎರಡರಿಂದ ಮೂರು ನಾವು ಸುಮ್ನೆ ಕೂರ್ತೀವಂತೆ. ನಲವತ್ತೇಳೂವರೆ ನಿಮಿಷ. ಆ ಅರ್ಧ ನಿಮಿಷಾನೂ ಬಿಟ್ಟಿಲ್ಲ ರೀ! ಹೊರಗಿನವರಿಗೆ ಹೇಗೆ ಗೊತ್ತಾಗುತ್ತೆ? ಒಳಗಿನವನೇ ಕೊಟ್ಟಿದ್ದು."

"ಯಾರು?"

"ಇನ್ಯಾರು? ಹಬೆ ತಿರುಗಿಸೋನು ಯಾರು? ಪ್ರತಿ ಸಲ ಹೊತ್ತು ಬರೆದಿಡೋನು ಯಾರು? ಅಡುಗೆಮನೆಗೆ ಬಾಯ್ಲರ್ ಬೇಕು, ಅವನ ಕೆಲಸ ಗಟ್ಟಿ. ನಮ್ಮನ್ನ ಕೊಟ್ಟು ತನ್ನದು ಉಳಿಸ್ಕೊಂಡ."

"ಅಣ್ಣ ಅಂತಿದ್ದೆ," ಎಂದರು ಅಜ್ಜಿ.

"ಅಂತಿದ್ದೆ."

"ನಮ್ಮ ಕೂಸನ್ನ ಕೇಳೇ. ಇವಳೂ ಅಂಥದ್ದೇ ಆಫೀಸಲ್ಲಿರೋದು."

ಅಮ್ಮ ನನ್ನ ಕಡೆ ನೋಡಿದಳು. "ಹೌದಲ್ಲ. ಯಾರು ಬರೆದಿದ್ದು ಅಂತ ವಿಚಾರಿಸ್ತೀಯಾ ಪುಟ್ಟಿ?"

"ಹೂಂ," ಎಂದೆ. ಸೀದ ಪಾತ್ರೆಯನ್ನು ತೊಟ್ಟಿಗೆ ಹಾಕಿ ನಲ್ಲಿ ತಿರುಗಿಸಿದೆ.

ಆ ವಾರದ ಶನಿವಾರ ಅಮ್ಮ ಮಂಡಿ ನೋವಿನ ಮಾತ್ರೆಯನ್ನು ಕಿಟಕಿಯಲ್ಲೇ ಮರೆತು ಹೋಗಿದ್ದಳು. ನನಗೆ ರಜೆ. ಅಪ್ಪ ಕೊಟ್ಟು ಬಾ ಎಂದರು. ಲಾಂಡ್ರಿಯ ಮೆಟ್ಟಿಲು ಇಳಿದಾಗ ಎರಡೂಕಾಲು. ಸ್ಕೂಲಿನ ದಿನಗಳಲ್ಲಿ ಅಲ್ಲಿಗೆ ಹೋಗುತ್ತಿದ್ದದ್ದು ನಾಲ್ಕರ ಮೇಲೆ. ಈ ಹೊತ್ತನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ರೋಲರ್ ನಿಂತಿತ್ತು. ನಿಂತಿದ್ದದ್ದು ಅದೊಂದೇ. ಹತ್ತು ಹನ್ನೆರಡು ಹೆಂಗಸರು ಹರಿದ ಹಾಸಿಗೆ ಬಟ್ಟೆಗಳನ್ನು ತೊಡೆಯ ಮೇಲೆ ಹರಡಿಕೊಂಡು ತೇಪೆ ಹಾಕುತ್ತಿದ್ದರು. ಇಬ್ಬಿಬ್ಬರು ಎದುರು ಬದುರು ನಿಂತು ಒದ್ದೆ ಬಟ್ಟೆಯ ತುದಿ ಹಿಡಿದು ಜಗ್ಗಿ, ಕೊಡವಿ, ಮಡಿಸುತ್ತಿದ್ದರು. ಅಮ್ಮ ಮೂಲೆಯಲ್ಲಿ ಆಪರೇಷನ್ ಕೋಣೆಯಿಂದ ಬಂದ ರಾಶಿಯ ಮುಂದಿದ್ದಳು. ಹರಿದ ಕೈಗವುಸು. ಒಂದೊಂದೇ ಹಸಿರು ಬಟ್ಟೆ ಬಿಡಿಸಿ, ಒಳಗೆ ಉಳಿದ ಸೂಜಿ, ಬ್ಲೇಡು ಹುಡುಕಿ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿ ಅರ್ಧ ತುಂಬಿತ್ತು.

"ಅಮ್ಮಾ, ಈ ಹೊತ್ತಲ್ಲಿ ರೆಸ್ಟ್ ಅಂತಿದ್ದೆ?"

"ಮೆಲ್ಲಗೆ ಮಾತಾಡೇ." ಅವಳು ಮಾತ್ರೆಯನ್ನು ನೀರಿಲ್ಲದೆ ನುಂಗಿದಳು. "ಇದನ್ನೆಲ್ಲ ಮನೇಲಿ ಹೇಳಿದ್ರೆ ನಿಮ್ಮಪ್ಪ ಒಂದು ದಿನ ಕಳಿಸ್ತಿದ್ರಾ? ನಿನ್ನ ಕೋರ್ಸು ಆಗ್ತಿತ್ತಾ? ಏನೋ ಅವರ ಬಾಯಿ ಮುಚ್ಚಿಸೋಕೆ ಹೇಳಿದ್ದು."

ಪಾಚಿಯನ್ನು ಕಣ್ಣಾರೆ ನೋಡದೆ ಅದರ ಬಗ್ಗೆ ಒಂದು ಸಾಲು ಬರೆದಿದ್ದರೆ ಕಾಲೇಜಿನ ಮೇಡಂ ಪುಸ್ತಕ ಎಸೆಯುತ್ತಿದ್ದರು. ಅಮ್ಮನ ಬಗ್ಗೆ ಹನ್ನೊಂದು ವಾರ ಬರೆದಿದ್ದೆ. ಮೂರು ನಿಲ್ದಾಣದ ಆಚೆ ಇದ್ದ ಜಾಗಕ್ಕೆ ಬಂದು ನೋಡಿರಲಿಲ್ಲ.

ಸೋಮವಾರ ಆ ಬಾಗಿಲನ್ನು ತಟ್ಟಿದೆ. ದಶಮಾಂಶ ಎದ್ದು ನಿಂತು ಕೈಕುಲುಕಿದರು.

"ನಾನೇ ಕರೀಬೇಕು ಅಂತಿದ್ದೆ. ನಾಲ್ವರಲ್ಲಿ ನೀವೂ ಒಬ್ರು. ಆ ಲಾಂಡ್ರಿ ಪಾಯಿಂಟ್ ಇಲ್ದಿದ್ರೆ, ನಿಜ ಹೇಳ್ತೀನಿ, ನಿಮ್ಮ ಹೆಸರು ನಂಗೆ ನೆನಪೇ ಇರ್ತಿರ್ಲಿಲ್ಲ."

"ಸರ್, ಅದೇ ವಿಷಯ... ಆ ಸಂಖ್ಯೆ ಸರಿ ಇಲ್ಲ. ಅವರು ಸುಮ್ನೆ ಕೂರಲ್ಲ ಸರ್. ಬೇರೆ ಕೆಲಸ ಮಾಡ್ತಾರೆ. ತೇಪೆ ಹಾಕ್ತಾರೆ, ಸೂಜಿ ಆರಿಸ್ತಾರೆ..."

"ಹೌದಾ?" ಅವರು ಸ್ವಲ್ಪ ಯೋಚಿಸಿದರು. "ವರದಿ ಹೋಗಿ ಒಪ್ಪಂದ ಆಗೋಗಿದೆಯಲ್ಲ. ಹೊಸ ಗುತ್ತಿಗೆದಾರನಿಗೆ ಹೇಳೋಣ, ತೇಪೆ ಕೆಲಸಾನೂ ಸೇರಿಸ್ಕೋ ಅಂತ. ಒಳ್ಳೇ ಪಾಯಿಂಟ್. ಮೇಲ್ ಮಾಡಿ."

ಅಮ್ಮನ ವಿಷಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರ ಫೋನ್ ರಿಂಗಾಯಿತು. ಥ್ಯಾಂಕ್ಯೂ ಸರ್ ಎಂದು ಹೊರಗೆ ಬಂದೆ.

ಕೆಲಸ ಕಾಯಂ ಆದ ಪತ್ರವನ್ನು ಮನೆಯಲ್ಲಿ ಎರಡು ದಿನ ತೋರಿಸಲಿಲ್ಲ. ಅಪ್ಪ ನನ್ನ ಬ್ಯಾಗಿನಲ್ಲಿ ಛತ್ರಿ ಹುಡುಕುವಾಗ ಸಿಕ್ಕಿತು.

"ಇದನ್ನ ಬಚ್ಚಿಡ್ತಾರೇನೇ ಹುಚ್ಚೀ!" ಅಪ್ಪ ಕೂಗಿದರು.

"ಮುಳುಗೋ ಹೊತ್ತಿಗೆ ಹುಲ್ಲುಕಡ್ಡಿ," ಎಂದರು ಅಜ್ಜಿ.

ಅಮ್ಮ ಸೋಪಿನ ವಾಸನೆ ಬರುವ ಒರಟು ಕೈಯಿಂದ ನನ್ನ ಮುಖವನ್ನು ಹಿಡಿದು, ನೋಟಿಸ್ ಬಂದ ದಿನವೂ ಅಳದವಳು, ಅತ್ತುಬಿಟ್ಟಳು. "ನನ್ನ ಭಾನುವಾರ ಒಂದೂ ದಂಡ ಆಗ್ಲಿಲ್ಲ ಬಿಡು," ಎಂದಳು. ನಾನು ಹಿಂದೆ ಸರಿದೆ. ಪಾಪ, ನಾಚಿಕೆ ಎಂದುಕೊಂಡಳು.

ಮನೆ ದಿನೇ ದಿನೇ ಕುಗ್ಗತೊಡಗಿತು. ಮೊಟ್ಟೆ ನಿಂತಿತು. ಹಾಲು ಅರ್ಧಕ್ಕಿಳಿಯಿತು. ಅಜ್ಜಿಯ ಟೀ ವಿಷಯಕ್ಕೆ ಅಪ್ಪನಿಗೂ ಅಮ್ಮನಿಗೂ ಜಗಳ, ಅಮ್ಮನ ಪರ ಮಾತಾಡಿದ್ದಕ್ಕೆ ಅಜ್ಜಿಗೂ ಅಪ್ಪನಿಗೂ ಜಗಳ. "ಇನ್ನು ಇಬ್ಬರೂ ಮನೇಲೇ," ಅಮ್ಮ ಅಂದಳು, "ಒಬ್ಬರ ಮುಖ ಒಬ್ಬರು ರಿಪೇರಿ ಮಾಡ್ಕೊಂಡು ಕೂರೋಣ." ದಿನಾ ಲಾಂಡ್ರಿಯ ಸುದ್ದಿ ತರುತ್ತಿದ್ದಳು: ಬಾಯ್ಲರಿನವನ ಊಟದ ಡಬ್ಬಿಯನ್ನು ಬೆಂಚಿನಿಂದ ಎತ್ತಿ ನೆಲಕ್ಕಿಟ್ಟರು. ಅವನ ಬಾಗಿಲ ಮೇಲೆ ಇದ್ದಿಲಿನಲ್ಲಿ ಏನೋ ಬರೆದರು. ಅವನು ಈಗ ಯಂತ್ರದ ಹಿಂದೆ ನಿಂತು ಉಣ್ಣುತ್ತಾನೆ. ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮಾಮ ಮನೆಗೇ ಬಂದರು. ಕಂಕುಳಲ್ಲಿ ಬಾಯ್ಲರಿನ ಉದ್ದನೆಯ ಪುಸ್ತಕ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ತಂಗೀ, ಇದನ್ನೊಂದು ನೋಡು. ಹಬೆ ಬಿಟ್ಟ ಹೊತ್ತು, ನಿಲ್ಲಿಸಿದ ಹೊತ್ತು. ಅದು ಬಿಟ್ರೆ ಒಂದಕ್ಷರ ಇಲ್ಲ. ನೀವೆಲ್ಲ ಬಗ್ಗಿ ಬೆನ್ನು ಮುರ್ಕೊಳ್ಳೋದನ್ನ ನೋಡಿದೋನು, ಸುಮ್ನೆ ಕೂರ್ತಾರೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಉಂಡ ಮನೆ ಜಂತೆ ಎಣಿಸಿದೆಯಲ್ಲಪ್ಪಾ," ಎಂದರು ಅಜ್ಜಿ, ಕೂತಲ್ಲಿಂದಲೇ.

ಮಾಮನ ಮುಖ ಕೆಂಪಾಯಿತು. "ಅಮ್ಮಾ, ದೊಡ್ಡವರು ನೀವು," ಎಂದಷ್ಟೇ ಹೇಳಿದರು. ಅಪ್ಪ, "ಕೂತ್ಕೋ, ಟೀ ಕುಡಿ," ಎಂದರೂ ಕೂರಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡು ನಿಂತರು. "ನೀನಾದ್ರೂ ಹೇಳಮ್ಮ ನಿಮ್ಮಮ್ಮಂಗೆ. ಓದಿದವಳು ನೀನು." ನಾನು ಬಾಗಿಲ ಚಿಲಕ ನೋಡುತ್ತ ನಿಂತೆ. ಅವರು ಒಂದು ಕೈಯಲ್ಲಿ ಗೋಡೆ ಹಿಡಿದು ಮೆಟ್ಟಿಲು ಇಳಿದು ಹೋದರು.

ತಿಂಗಳ ಕೊನೆಯ ಭಾನುವಾರ ಊಟವಾದ ಮೇಲೆ ಅಮ್ಮ ಮೇಜಿನ ಮೇಲಿದ್ದ ಗಡಿಯಾರಗಳನ್ನು ಸರಿಸಿ, ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟಳು.

"ಬರಿ ಪುಟ್ಟಿ. ನಿನ್ನ ಅಕ್ಷರ ಚೆನ್ನಾಗಿದೆ. ಆಸ್ಪತ್ರೆ ಮುಖ್ಯಸ್ಥರಿಗೆ. ಮೂವತ್ತೊಂದು ಜನಾನೂ ಸಹಿ ಹಾಕ್ತೀವಿ. ಮೊದಲನೇದು ನಂದು."

"ಏನಂತ?"

"ಬಾಯ್ಲರಿನವನು ನಮ್ಮ ಬಗ್ಗೆ ಸುಳ್ಳು ಹೇಳಿ ಹೊಟ್ಟೆ ಮೇಲೆ ಹೊಡೆದಿದಾನೆ, ಅವನನ್ನೂ ತೆಗೀರಿ ಅಂತ."

"ಅವನ ಕೆಲಸ ಹೋದ್ರೆ ನಿಂದು ಬರುತ್ತೇನೇ?" ಎಂದರು ಅಪ್ಪ.

"ಬರಲ್ಲ. ಅವಂದೂ ಹೋಗ್ಲಿ."

"ಅವನಿಗೂ ಮನೆ ಇದೆ ಕಣೇ."

"ನಮಗಿರೋದು ಏನು, ಗೂಡಾ?" ಅಮ್ಮನ ದನಿ ಸೀಳಿತು. "ನೀವು ಸುಮ್ನಿರಿ. ನೀನು ಬರಿ."

ಬರೆದೆ. ಮಾನ್ಯರೇ ಎಂದು ಬರೆದೆ. ಕೆಳಗೆ ಸಹಿ ಮಾಡಿರುವ ನಾವು ಎಂದು ಬರೆದೆ. ಇಪ್ಪತ್ತೆರಡು ವರ್ಷ ಎಂದು ಬರೆದೆ. ಅಮ್ಮ ನನ್ನ ಕುರ್ಚಿಯ ಹಿಂದೆ ನಿಂತು, ಒಂದೊಂದೇ ಮಾತನ್ನು ಮಡಿಸಿ ಇಟ್ಟಂತೆ ಹೇಳುತ್ತಿದ್ದಳು.

"'ಒಳಗಿದ್ದುಕೊಂಡೇ ನಮ್ಮ ವಿಷಯವನ್ನ ಹೊರಗಿನವರಿಗೆ ಕೊಟ್ಟದ್ದು...' ಆಯ್ತಾ? ಈಗ ಅವನ ಹೆಸರು ಬರಿ."

ಪೆನ್ನು ಹಾಳೆಯ ಮೇಲೆ ನಿಂತಿತು. ಶಾಯಿ ಚುಕ್ಕೆಯಾಗಿ ದೊಡ್ಡದಾಗುತ್ತಿತ್ತು.

"ಬರೀ ಅಂದೆ."

"ಆಗಲ್ಲಮ್ಮಾ."

"ಯಾಕೆ? ಮಾಮ ಅಂತ ಕನಿಕರಾನಾ? ಅವನಿಗಿತ್ತಾ ನಮ್ಮ ಮೇಲೆ?"

"ಅದಲ್ಲ."

"ಮತ್ತಿನ್ನೇನು? ಬಾಯಿ ಬಿಡೇ! ಒಂದು ತಿಂಗಳಿಂದ ನೋಡ್ತಿದೀನಿ, ನಿನ್ನ ಅಮ್ಮ ಬೀದಿಗೆ ಬಿದ್ರೂ ನಿನ್ನ ಬಾಯಿಂದ ಒಂದು ಮಾತಿಲ್ಲ. ಕೊಡು ಇಲ್ಲಿ, ನಾನೇ ಬರೀತೀನಿ."

ಅವಳು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಬಗ್ಗಿದಳು. ಬೆರಳಿನ ತುದಿಗೆ ಹೊಸ ಬಟ್ಟೆಯ ಪಟ್ಟಿ ಸುತ್ತಿತ್ತು; ಪೆನ್ನು ಸರಿಯಾಗಿ ನಿಲ್ಲುತ್ತಿರಲಿಲ್ಲ. ಆದರೂ ಮೊದಲ ಅಕ್ಷರವನ್ನು ಗೀಚಿದಳು. ನಾನು ಅದರ ಮೇಲೆ ಅಂಗೈ ಇಟ್ಟೆ.

"ಮಾಮ ಅಲ್ಲಮ್ಮಾ. ನೀನು ಹೇಳಿದ್ದನ್ನೆಲ್ಲ ದಿನಾ ಬರೆದಿಟ್ಟು, ಅವರಿಗೆ ಕೊಟ್ಟಿದ್ದು ನಾನು."